ರೋಗ ಬರುವ ದಾರಿ ಒಂದು, ನಾವು ಬೇಲಿ ಹಾಕುವ ದಾರಿ ಇನ್ನೊಂದು



ಮಳೆಗಾಲ ಬಂತೆಂದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಎರಡು ಬಗೆಯ ಚಿಂತೆ ಶುರುವಾಗುತ್ತದೆ. ಮನೆಯೊಳಗೆ ಮಕ್ಕಳಿಗೆ ಜ್ವರ, ಕೆಮ್ಮು, ವಾಂತಿಭೇದಿ. ಮನೆಯ ಹೊರಗೆ ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ. ಒಳಗೆ ತಾಯಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರೆ, ಹೊರಗೆ ಅಂಗಳದಲ್ಲಿ ಬೋರ್ಡೋ ದ್ರಾವಣ ಸಿದ್ಧವಾಗುತ್ತಿರುತ್ತದೆ. ಒಂದು ಮನುಷ್ಯರ ಕಾಯಿಲೆ, ಇನ್ನೊಂದು ಗಿಡದ ಕಾಯಿಲೆ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಮನುಷ್ಯರಿಗೆ ಬರುವ ಸೋಂಕಾಗಲಿ, ಮರಗಿಡಗಳಿಗೆ ಬರುವ ಸೋಂಕಾಗಲಿ, ಅದು ತಾನಾಗಿ ಹುಟ್ಟಿಕೊಳ್ಳುವುದಿಲ್ಲ. ಒಂದು ಕಡೆಯಿಂದ ಹೊರಟು, ಒಂದು ದಾರಿಯಲ್ಲಿ ನಡೆದು, ಒಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಆ ದಾರಿ ಯಾವುದು ಎಂದು ತಿಳಿದರೆ ಅರ್ಧ ಗೆದ್ದಂತೆ. ತಿಳಿಯದಿದ್ದರೆ ನಾವು ಹೆದರಿಕೆಯಿಂದ ಎಲ್ಲೋ ಬೇಲಿ ಹಾಕುತ್ತೇವೆ. ರೋಗ ತನ್ನ ಪಾಡಿಗೆ ಇನ್ನೊಂದು ಕಡೆಯಿಂದ ಬರುತ್ತಿರುತ್ತದೆ. ಬೇಲಿಯ ಮುಳ್ಳು ಮಾತ್ರ ಯಾರೋ ನಿರಪರಾಧಿಗೆ ಚುಚ್ಚುತ್ತಿರುತ್ತದೆ. ಈ ವಿಷಯವನ್ನು ಒಂದಿಷ್ಟು ಬಿಡಿಸಿ ನೋಡೋಣ.

ಮಗುವಿನ ಬಟ್ಟೆ ತೊಳೆದ ನೀರು

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಎಂಬಲ್ಲಿ ಕಾಲರಾ ಹಬ್ಬಿತು. ಕೆಲವೇ ವಾರಗಳಲ್ಲಿ ಆ ಒಂದು ಬಡಾವಣೆಯಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ದೊಡ್ಡ ದೊಡ್ಡ ವೈದ್ಯರು, ಅಧಿಕಾರಿಗಳು ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಕೊಳಕು ವಾಸನೆಯ ಗಾಳಿಯಿಂದ ಕಾಲರಾ ಬರುತ್ತದೆ. ಆದರೆ ಜಾನ್ ಸ್ನೋ ಎಂಬ ವೈದ್ಯರು ಇದನ್ನು ಒಪ್ಪಲಿಲ್ಲ. ಅವರು ಮನೆಮನೆಗೆ ಹೋಗಿ, ಸತ್ತವರು ಯಾವ ನೀರು ಕುಡಿಯುತ್ತಿದ್ದರು ಎಂದು ವಿಚಾರಿಸಿದರು. ಬಹುತೇಕ ಎಲ್ಲರೂ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ನೀರು ಕುಡಿದವರು. ಆ ಬೀದಿಯಿಂದ ಮೈಲಿಗಳಾಚೆ, ಕಾಲರಾದ ಸುಳಿವೇ ಇಲ್ಲದ ಊರಿನಲ್ಲಿದ್ದ ಒಬ್ಬ ವಿಧವೆಯೂ ಸತ್ತಿದ್ದರು. ಏಕೆಂದು ನೋಡಿದರೆ, ಹಿಂದೆ ಆ ಬೀದಿಯಲ್ಲಿ ವಾಸವಾಗಿದ್ದ ಅವರಿಗೆ ಅಲ್ಲಿನ ನೀರಿನ ರುಚಿ ಬಹಳ ಇಷ್ಟ. ದಿನವೂ ಗಾಡಿಯಲ್ಲಿ ತರಿಸಿ ಕುಡಿಯುತ್ತಿದ್ದರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ಕಳಚಿಡಲಾಯಿತು.

ಅಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಬಾವಿಯ ನೀರಿಗೆ ರೋಗ ಬಂದದ್ದು ಎಲ್ಲಿಂದ? ಅದನ್ನು ಪತ್ತೆ ಹಚ್ಚಿದವರು ಆ ಬಡಾವಣೆಯ ಚರ್ಚಿನ ಪಾದ್ರಿ ಹೆನ್ರಿ ವೈಟ್‌ಹೆಡ್. ಮೊದಲು ಸ್ನೋ ಅವರ ಮಾತನ್ನು ನಂಬದ ಅವರು, ಅದನ್ನು ಸುಳ್ಳೆಂದು ತೋರಿಸಲು ಹೊರಟು ಕೊನೆಗೆ ಅದೇ ಸತ್ಯವೆಂದು ಕಂಡುಕೊಂಡರು. ಪಂಪಿನ ಎದುರಿನ ಮನೆಯಲ್ಲಿ ಒಂದು ಹಸುಗೂಸಿಗೆ ಭೇದಿಯಾಗಿತ್ತು. ತಾಯಿ ಅದರ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲದ ಗುಂಡಿಗೆ ಚೆಲ್ಲುತ್ತಿದ್ದಳು. ಆ ಗುಂಡಿಯ ಇಟ್ಟಿಗೆ ಸಡಿಲಾಗಿ, ಕೆಲವೇ ಅಡಿ ದೂರದ ಬಾವಿಗೆ ಅದು ಒಸರುತ್ತಿತ್ತು. ಆ ತಾಯಿಯದೇನೂ ತಪ್ಪಿಲ್ಲ. ಆಕೆ ಮಾಡಿದ್ದು ಎಲ್ಲ ತಾಯಂದಿರು ಮಾಡುವ ಕೆಲಸ. ದಾರಿ ಮಾತ್ರ ಆಕೆಗೆ ತಿಳಿದಿರಲಿಲ್ಲ.

ನಮಗೆ ತಿಳಿದಿದೆ. ಆದರೂ ನಮ್ಮಲ್ಲಿ ಎಷ್ಟೋ ಮಂದಿ ಹಾಲು ಕುಡಿಯುವ ಮಗುವಿನ ಮಲದಿಂದ ಏನೂ ಆಗದು ಎಂದುಕೊಂಡಿದ್ದೇವೆ. ಅದನ್ನು ಬಾವಿಕಟ್ಟೆಯ ಬಳಿಯೇ ತೊಳೆಯುವವರಿದ್ದಾರೆ. ಮಗುವಿನ ಮಲದಲ್ಲೂ ರೋಗಾಣು ಇರುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿ, ನೆಲದ ಮೇಲಿನ ಕೊಳೆ ಕೆಳಗಿಳಿದು ಒಂದಕ್ಕೊಂದು ಹತ್ತಿರವಾಗುತ್ತವೆ. ನೀರನ್ನು ಚೆನ್ನಾಗಿ ಕುದಿಸುವುದು, ಮಗುವನ್ನು ಶುಚಿ ಮಾಡಿದ ಕೈಯನ್ನು ಸೋಪಿನಿಂದ ತೊಳೆದ ಮೇಲಷ್ಟೇ ಒಲೆಯ ಬಳಿ ಹೋಗುವುದು, ಇವು ಈ ದಾರಿಗೆ ಹಾಕುವ ಬೇಲಿ.

ಕೈಯಲ್ಲಿ ಬಂದ ಸಾವು

ಇನ್ನೊಂದು ಘಟನೆ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಆಸ್ಟ್ರಿಯಾದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಜ್ವರ ಬಂದು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ನೂರಕ್ಕೆ ಮೂವರೂ ಇಲ್ಲ. ಗರ್ಭಿಣಿಯರು ತಮ್ಮನ್ನು ವೈದ್ಯರ ವಿಭಾಗಕ್ಕೆ ಸೇರಿಸಬೇಡಿ ಎಂದು ಅಳುತ್ತ ಬೇಡಿಕೊಳ್ಳುತ್ತಿದ್ದರಂತೆ. ಗಾಳಿ ಸರಿಯಿಲ್ಲ, ಹೆಂಗಸರಿಗೆ ಭಯ ಜಾಸ್ತಿ ಎಂದೆಲ್ಲ ಕಾರಣ ಹೇಳಲಾಯಿತು.

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ನಿಜವಾದ ದಾರಿಯನ್ನು ಕಂಡುಹಿಡಿದರು. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಶವಪರೀಕ್ಷೆ ಮಾಡಿ, ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಅವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂಬ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಆದರೆ ತಮ್ಮ ಕೈಯೇ ಸಾವನ್ನು ಹೊತ್ತು ತರುತ್ತಿತ್ತು ಎಂದು ಒಪ್ಪಲು ಬಹಳ ವೈದ್ಯರು ಸಿದ್ಧರಿರಲಿಲ್ಲ. ಇನ್ನೊಬ್ಬರ ಕೈ ಕೊಳಕು ಎಂದು ಹೇಳುವುದು ಸುಲಭ. ತನ್ನ ಕೈ ನೋಡಿಕೊಳ್ಳುವುದು ಕಷ್ಟ.

ನಾನು ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿಸುವುದುಂಟು. ಒಬ್ಬ ಹುಡುಗನ ಅಂಗೈಗೆ ಬಣ್ಣದ ಸೀಮೆಸುಣ್ಣದ ಪುಡಿ ಹಚ್ಚಿ, ಪಕ್ಕದವನ ಕೈ ಕುಲುಕಲು ಹೇಳುತ್ತೇನೆ. ಅವನು ಮತ್ತೊಬ್ಬನ ಕೈ ಕುಲುಕುತ್ತಾನೆ. ಐದಾರು ಮಂದಿಯ ನಂತರವೂ ಬಣ್ಣ ಕಾಣುತ್ತದೆ. ಸ್ವಲ್ಪ ಹೊತ್ತು ಪಾಠ ಮಾಡಿ ಆಮೇಲೆ ನೋಡಿದರೆ ಮೂಗಿನ ಮೇಲೆ, ಕಣ್ಣಿನ ಪಕ್ಕ, ಬಾಗಿಲ ಚಿಲಕದ ಮೇಲೆ ಎಲ್ಲೆಲ್ಲೂ ಬಣ್ಣ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಒಮ್ಮೆ ಅರಶಿನ ಪುಡಿಯಿಂದ ಮಾಡಿ ನೋಡಿ.

ಆಲೂಗಡ್ಡೆಯಿಂದ ಅಡಿಕೆಗೆ

ಈಗ ತೋಟಕ್ಕೆ ಬರೋಣ. ಗಿಡದ ರೋಗ ಎಂದರೆ ನಷ್ಟದ ಮಾತು, ಜೀವದ ಮಾತಲ್ಲ ಎಂದುಕೊಂಡರೆ ತಪ್ಪು. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತುಹೋದವು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಅನ್ನ. ಅದೂ ಹೆಚ್ಚಾಗಿ ಒಂದೇ ತಳಿಯದ್ದು. ರೋಗ ಅಮೆರಿಕ ಖಂಡದಿಂದ ಯುರೋಪಿಗೆ ಬಂದು, ಗಾಳಿ ಮಳೆಯಲ್ಲಿ ಹೊಲದಿಂದ ಹೊಲಕ್ಕೆ ಹಾರಿತು. ಮುಂದಿನ ವರ್ಷಗಳಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ಜ್ವರಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಸಂಖ್ಯೆಯ, ಬಹುಶಃ ಇನ್ನೂ ಹೆಚ್ಚಿನ ಜನ ದೇಶ ಬಿಟ್ಟು ಹೋದರು. 1841ರ ಗಣತಿಯಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಆಗಲೂ ಜನ ಏನೇನೋ ಕಾರಣ ಹುಡುಕಿದರು. ಮಣ್ಣಿನ ಆವಿ ಎಂದರು, ಹೊಸದಾಗಿ ಬಂದಿದ್ದ ರೈಲಿನ ಹೊಗೆ ಎಂದರು. ಎಲೆಯ ಮೇಲಿದ್ದ ಬೂಷ್ಟೇ ಕಾರಣ ಎಂದು ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್‌ಲಿ ಹೇಳಿದಾಗ ಒಪ್ಪಿದವರು ಕಡಿಮೆ. 1861ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ಅದನ್ನು ಸಾಬೀತುಪಡಿಸಿದರು. ಆ ಕುಲಕ್ಕೆ ಫೈಟಾಫ್ತೊರಾ ಎಂದು ಹೆಸರಿಟ್ಟವರೂ ಅವರೇ. ಗಿಡಗಳನ್ನು ನಾಶಮಾಡುವಂಥದ್ದು ಎಂದು ಆ ಹೆಸರಿನ ಅರ್ಥ.

ನಮ್ಮ ಅಡಿಕೆಯ ಕೊಳೆರೋಗ ಈ ಫೈಟಾಫ್ತೊರಾದ ಸಂಬಂಧಿಯಿಂದಲೇ ಬರುವುದು! ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ನಮ್ಮ ರೈತರಿಗೆ ಪರಿಚಯಿಸಿದರು. ಆದರೆ ಅದಕ್ಕೂ ಮುಂಚೆಯೇ ನಮ್ಮ ಹಿರಿಯರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗಾಣುವಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಮಳೆ ನೀರು ಗೊನೆಗೆ ಬೀಳದಿದ್ದರೆ ಕೊಳೆ ಬರುವುದಿಲ್ಲ ಎಂದು ಮಾತ್ರ ಗೊತ್ತಿತ್ತು. ಅವರು ದಾರಿಯನ್ನು ಕಂಡುಕೊಂಡಿದ್ದರು. ನೀರಿನ ಹನಿಯೇ ಈ ರೋಗದ ವಾಹನ.

ಕೊಳೆ ಬಂದು ಉದುರಿದ ಕಾಯಿಗಳನ್ನು ಬುಡದಲ್ಲೇ ಬಿಟ್ಟರೆ ಅಲ್ಲಿಂದ ರೋಗ ಮತ್ತೆ ಹರಡುತ್ತದೆ. ಅವನ್ನು ಹೆಕ್ಕಿ ದೂರ ಮಾಡುವ ಕೆಲಸ ಎಷ್ಟೋ ಮನೆಗಳಲ್ಲಿ ಹೆಂಗಸರದ್ದೇ. ಇದು ಬರಿಯ ಕಸ ಹೆಕ್ಕುವ ಕೆಲಸವಲ್ಲ, ಔಷಧಿ ಹೊಡೆದಷ್ಟೇ ಮುಖ್ಯವಾದದ್ದು. ಬೋರ್ಡೋ ತಯಾರಿಸುವಾಗ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಬಹಳ ಮಂದಿಗೆ ಗೊತ್ತು. ಕಬ್ಬಿಣದ ಪಾತ್ರೆ ಬಳಸಬಾರದು. ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚೂರಿಗೆ ಕೆಂಪು ಲೇಪ ಬಂದರೆ ಸುಣ್ಣ ಇನ್ನೂ ಸಾಲದು ಎಂದರ್ಥ. ಇನ್ನೊಂದು ಮಾತು. ನೀವು ಎಷ್ಟೇ ಚೆನ್ನಾಗಿ ಔಷಧಿ ಹೊಡೆದರೂ ನೆರೆಯ ತೋಟ ಹಾಗೇ ಬಿದ್ದಿದ್ದರೆ ಗಾಳಿಮಳೆ ಅಲ್ಲಿಂದ ರೋಗವನ್ನು ತರುತ್ತದೆ. ನೆರೆಮನೆಯ ಯಜಮಾನ ತೀರಿಹೋಗಿ ವಿಧವೆಯೊಬ್ಬಳೇ ಇದ್ದರೆ ಅವಳ ತೋಟಕ್ಕೂ ಒಂದು ಸುತ್ತು ಔಷಧಿ ಹೊಡೆಸಿ. ಅದು ಅವಳಿಗೆ ಉಪಕಾರ, ನಿಮ್ಮ ತೋಟಕ್ಕೆ ರಕ್ಷಣೆ.

ತವರಿನ ಬಾಳೆಕಂದು

ಮದುವೆಯಾಗಿ ಹೋದ ಮಗಳು ತವರಿನಿಂದ ಮಲ್ಲಿಗೆ ಗಿಡ, ಬಾಳೆಯ ಕಂದು, ಕೆಸುವಿನ ಗಡ್ಡೆ ಒಯ್ಯುವುದು ನಮ್ಮಲ್ಲಿ ಸಹಜ. ಗಿಡಗಳ ರೋಗ ದೂರದೂರಿಗೆ ಹೋಗುವುದೂ ಹೆಚ್ಚಾಗಿ ಹೀಗೆಯೇ. ಬಾಳೆಯ ಎಲೆಗಳು ಸಣ್ಣದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಿನಂತೆ ಒತ್ತಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಇದು ವೈರಸ್ ರೋಗ. ಬಂದ ಗಿಡಕ್ಕೆ ಔಷಧಿಯಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಇದನ್ನು ಒಯ್ಯುವುದು ಬಾಳೆಯ ಹೇನು ಎಂಬ ಸಣ್ಣ ಕೀಟ. ಊರಿಂದ ಊರಿಗೆ ಒಯ್ಯುವುದು ನಾವು. ರೋಗದ ಬುಡದಿಂದ ತೆಗೆದ ಕಂದು ಮೊದಮೊದಲು ನೋಡಲು ಚೆನ್ನಾಗಿಯೇ ಇರುತ್ತದೆ.

ಇಲ್ಲಿಯೂ ನಮ್ಮ ಬೇಲಿ ತಪ್ಪು ಜಾಗದಲ್ಲಿರುತ್ತದೆ. ಕೆಲವರು ಬೂಷ್ಟಿಗೆ ಹೊಡೆಯುವ ಔಷಧಿಯನ್ನು ಇದಕ್ಕೂ ಹೊಡೆಯುತ್ತಾರೆ. ವೈರಸ್ಸಿಗೆ ಅದು ತಗಲುವುದೇ ಇಲ್ಲ. ಇನ್ನು ಕೆಲವರು ಸಿಟ್ಟಿನಿಂದ ಗಿಡವನ್ನು ಕಡಿದು ಪಕ್ಕಕ್ಕೆ ಎಸೆಯುತ್ತಾರೆ. ಆಗ ಅದರಲ್ಲಿದ್ದ ಹೇನುಗಳೆಲ್ಲ ಪಕ್ಕದ ಆರೋಗ್ಯವಂತ ಗಿಡಕ್ಕೆ ಹೋಗುತ್ತವೆ. ಮೊದಲು ಹೇನನ್ನು ಕೊಂದು, ಆಮೇಲೆ ಗಿಡವನ್ನು ಗಡ್ಡೆಸಹಿತ ಕಿತ್ತು ನಾಶಮಾಡಬೇಕು. ತವರಿನಿಂದ ಕಂದು ತರುವಾಗ ಆ ಬುಡವನ್ನು ಮಾತ್ರವಲ್ಲ, ಸುತ್ತಲಿನ ಬಾಳೆಯನ್ನೂ ಒಮ್ಮೆ ನೋಡಿ ತನ್ನಿ.

ಮಂಗನ ತಪ್ಪಲ್ಲ, ನೆರೆಯವರ ತಪ್ಪಲ್ಲ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಂಚಿನ ಊರುಗಳ ಜನರಿಗೆ ಭಯಂಕರ ಜ್ವರ ಬಂತು. ವಿಜ್ಞಾನಿಗಳು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು, ಜನ ಮಂಗನ ಕಾಯಿಲೆ ಎಂದರು. ಹೆಸರು ಕೇಳಿದರೆ ಮಂಗವೇ ಅಪರಾಧಿ ಎನಿಸುತ್ತದೆ. ಆದರೆ ಮಂಗವೂ ಅದೇ ರೋಗದಿಂದ ಸಾಯುತ್ತದೆ. ರೋಗವನ್ನು ಹೊತ್ತು ತರುವುದು ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತ ಹರಡಿ ಬೇರೆ ಜೀವಿಗಾಗಿ ಕಾಯುತ್ತವೆ. ಡಿಸೆಂಬರಿನಿಂದ ಮೇವರೆಗೆ, ದರಗೆಲೆ ಸೌದೆ ತರಲು ಹೋದ ಹೆಂಗಸರಿಗೆ ಅವು ಹತ್ತುತ್ತವೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ಮುಟ್ಟದೆ ದೂರವಿಡುವುದರಿಂದ ಪ್ರಯೋಜನವಿಲ್ಲ. ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಸವರುವ ಎಣ್ಣೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಇವು ಸರಿಯಾದ ಬೇಲಿ.

ಡೆಂಗಿಯ ಕಥೆಯೂ ಹೀಗೆಯೇ. ಡೆಂಗಿ ಸೊಳ್ಳೆ ಚರಂಡಿಯಲ್ಲಿ ಹುಟ್ಟುತ್ತದೆ ಎಂದು ನಾವು ಪಂಚಾಯತಿಗೆ ಬೈಯುತ್ತೇವೆ. ಆ ಸೊಳ್ಳೆಗೆ ಬೇಕಾದದ್ದು ನಿಂತ ಸ್ವಚ್ಛ ನೀರು. ಅದು ನಮ್ಮ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ಹೂಕುಂಡದ ಕೆಳಗೆ, ಅಂಗಳದ ತೆಂಗಿನ ಚಿಪ್ಪಿನಲ್ಲಿ, ತೋಟದ ಅಡಿಕೆ ಹಾಳೆಯಲ್ಲಿ ಇರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ವಾರಕ್ಕೊಂದು ದಿನ, ಉದಾಹರಣೆಗೆ ಪ್ರತಿ ಗುರುವಾರ, ಇವನ್ನೆಲ್ಲ ಚೆಲ್ಲಿದರೆ ಸಾಕು. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಬದಿಯನ್ನು ತಿಕ್ಕಿ ತೊಳೆಯಬೇಕು; ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದೊಡನೆ ಜೀವ ಪಡೆಯುತ್ತವೆ. ಜ್ವರ ಬಂದವರನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಏಕೆಂದರೆ ಸೊಳ್ಳೆಗೆ ರೋಗ ಸಿಗುವುದು ಅವರಿಂದಲೇ, ಮತ್ತು ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.

ತಟ್ಟೆ ಬೇರೆ, ಕಿಟಕಿ ಬಂದ್

ಈಗ ಹೇಳುವುದು ಬಹಳ ಮನೆಗಳಲ್ಲಿ ನಡೆಯುವ, ಆದರೆ ಯಾರೂ ಹೊರಗೆ ಹೇಳದ ವಿಷಯ. ಸೊಸೆಗೋ ಮಗಳಿಗೋ ಕ್ಷಯರೋಗ ಎಂದು ಗೊತ್ತಾದ ದಿನವೇ ಅವಳ ತಟ್ಟೆ, ಲೋಟ, ಚಾಪೆ ಬೇರೆಯಾಗುತ್ತದೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ತಂಡಿ ಆಗಬಾರದೆಂದು ಮತ್ತು ನೆರೆಯವರಿಗೆ ಕೆಮ್ಮು ಕೇಳಿಸಬಾರದೆಂದು ಕಿಟಕಿ ಮುಚ್ಚುತ್ತಾರೆ. ಗಮನಿಸಿ, ಕ್ಷಯ ತಟ್ಟೆಯಿಂದ ಹರಡುವುದಿಲ್ಲ, ಬಟ್ಟೆಯಿಂದ ಹರಡುವುದಿಲ್ಲ, ಮುಟ್ಟಿದರೆ ಬರುವುದಿಲ್ಲ. ಅದರ ದಾರಿ ಗಾಳಿ. ಅಂದರೆ ನಾವು ರೋಗವಿಲ್ಲದ ದಾರಿಗೆ ಬೇಲಿ ಹಾಕಿ, ರೋಗ ಇರುವ ಗಾಳಿಯನ್ನು ಕೋಣೆಯೊಳಗೆ ಕೂಡಿ ಹಾಕುತ್ತೇವೆ! ತಟ್ಟೆಯನ್ನು ಬೇರೆ ಮಾಡುವ ಬದಲು ಕಿಟಕಿಯನ್ನು ತೆರೆದಿಡಬೇಕಿತ್ತು. ರೋಗಿ ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕು, ಮನೆಯವರೆಲ್ಲ, ಮುಖ್ಯವಾಗಿ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು.

ರಾಬರ್ಟ್ ಕೋಖ್ ಎಂಬ ಜರ್ಮನ್ ವಿಜ್ಞಾನಿ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಇಂದಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಇದಕ್ಕೆ ಔಷಧಿ ಇಲ್ಲವೆಂದಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಯಿತು. ಸರಿಯಾದ ಔಷಧಿ ಶುರುಮಾಡಿ ಎರಡು ವಾರ ಕಳೆದರೆ ಸಾಮಾನ್ಯವಾಗಿ ರೋಗಿಯಿಂದ ಇತರರಿಗೆ ಹರಡುವ ಭಯ ಬಹಳ ಕಡಿಮೆಯಾಗುತ್ತದೆ. ಹಾಗಾದರೆ ರೋಗ ಉಳಿದಿರುವುದು ಏಕೆ? ಒಂದು ಕಾರಣ ಮುಚ್ಚಿಡುವುದು. ಹೆಣ್ಣುಮಗಳ ಮದುವೆ ತಪ್ಪೀತೆಂದು ತಾಯಿ ಅವಳ ಕೆಮ್ಮನ್ನು ತಿಂಗಳುಗಟ್ಟಲೆ ಕಷಾಯದಲ್ಲೇ ಮುಗಿಸಲು ನೋಡುತ್ತಾಳೆ. ಸ್ವಲ್ಪ ಗುಣವಾದೊಡನೆ ಮಾತ್ರೆ ನಿಲ್ಲಿಸಿ, ಔಷಧಿಗೂ ಬಗ್ಗದ ರೋಗಾಣುವನ್ನು ಬೆಳೆಸಿಕೊಳ್ಳುವವರೂ ಇದ್ದಾರೆ. ಆ ತಾಯಿ ಕೆಟ್ಟವಳಲ್ಲ, ಹೆದರಿದವಳು. ಅವಳನ್ನು ಹೆದರಿಸಿದ್ದು ನಮ್ಮ ನಾಲಗೆಗಳು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಗುಣವಾದ ಹುಡುಗಿಯ ಬಗ್ಗೆ ಹುಡುಗನ ಕಡೆಯವರಿಗೆ ಪಿಸುಗುಟ್ಟುವುದನ್ನು ನಿಲ್ಲಿಸಿ.

ರೋಗಕ್ಕೆ ಹೆಸರು ಹಚ್ಚಿದಾಗ

ತಪ್ಪು ಬೇಲಿ ಮನೆಯಲ್ಲಿ ಮಾತ್ರವಲ್ಲ, ಸಮಾಜದಲ್ಲೂ ಬೀಳುತ್ತದೆ. 1348-49ರಲ್ಲಿ ಯುರೋಪಿನಲ್ಲಿ ಮಹಾಮಾರಿ ಪ್ಲೇಗ್ ಹಬ್ಬಿದಾಗ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಸುದ್ದಿ ಹರಡಿತು. ಸ್ಟ್ರಾಸ್‌ಬರ್ಗ್ ನಗರದಲ್ಲಿ 1349ರ ಫೆಬ್ರವರಿಯಲ್ಲಿ ನೂರಾರು ಯಹೂದಿಗಳನ್ನು ಸುಡಲಾಯಿತು. ಯಹೂದಿಗಳೂ ಅದೇ ಪ್ಲೇಗಿನಿಂದ ಸಾಯುತ್ತಿದ್ದುದನ್ನು ಹೆಚ್ಚಿನವರು ಗಮನಿಸಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ.

ನಮ್ಮ ಕಾಲದಲ್ಲೂ ಇದನ್ನು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ ಸೇರಿದ್ದವರಲ್ಲಿ ಕೊರೋನಾ ಹರಡಿದ್ದು ನಿಜ. ಜನ ಒತ್ತೊತ್ತಾಗಿ ಸೇರಿದಲ್ಲೆಲ್ಲ ಅದು ಹರಡಿತು. ಆದರೆ ಅದರ ನೆಪದಲ್ಲಿ ಇಡೀ ಸಮುದಾಯಕ್ಕೆ ರೋಗದ ಹೆಸರು ಅಂಟಿಸಲಾಯಿತು. ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುವ ಬಡವರಿಂದ ಏನೂ ಕೊಳ್ಳಬೇಡಿ ಎಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಜಮಾಅತಿನ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಹಣ್ಣಿನ ಗಾಡಿಗೆ ಬೇಲಿ ಹಾಕಿದವರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ, ಏಕೆಂದರೆ ರೋಗದ ದಾರಿ ಉಸಿರು, ಮಾರುವವನ ಹೆಸರಲ್ಲ.

ಆ ನೋವು ನಮಗೆ ನೆನಪಿದೆ. ಹಾಗಿರುವಾಗ, ಬೇರೆ ಊರಿಂದ ಬಂದ ಕೂಲಿಯವರನ್ನು ನೋಡಿ ಇವರಿಂದಲೇ ಮಲೇರಿಯಾ ಬಂತು ಎಂದು ನಾವು ಹೇಳುತ್ತೇವಲ್ಲ, ಅದು ಸರಿಯೇ? ಸೋರುವ ಗುಡಿಸಲಿನಲ್ಲಿ, ಸೊಳ್ಳೆಪರದೆಯಿಲ್ಲದೆ, ಕಟ್ಟಡದ ನಿಂತ ನೀರಿನ ಪಕ್ಕ ಮಲಗುವವರು ಅವರು. ಮೊದಲು ಕಚ್ಚಿಸಿಕೊಂಡವರೂ ಅವರೇ.

ಅಂಟುವುದಿಲ್ಲ ಎನ್ನುವವರಿಗೆ

ಇನ್ನೊಂದು ಕಡೆ, ರೋಗ ಅಂಟುವುದೆಂದು ನಂಬುವುದೇ ವಿಶ್ವಾಸಕ್ಕೆ ವಿರುದ್ಧ ಎನ್ನುವವರೂ ನಮ್ಮಲ್ಲಿದ್ದಾರೆ. ಅದಕ್ಕೆ ಅವರು ಒಂದು ಹದೀಸನ್ನು ಮುಂದಿಡುತ್ತಾರೆ. ಆದರೆ ಅದೇ ಹದೀಸ್ ಗ್ರಂಥಗಳಲ್ಲಿ, ರೋಗವಿರುವ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ಪ್ರವಾದಿವರ್ಯರ(ಸ) ನಿರ್ದೇಶನವೂ ಇದೆ. ಪ್ಲೇಗ್ ಇರುವ ಊರಿಗೆ ಹೋಗಬಾರದು, ಇದ್ದ ಊರಿನಲ್ಲಿ ಬಂದರೆ ಅಲ್ಲಿಂದ ಓಡಬಾರದು ಎಂಬ ನಿರ್ದೇಶನವೂ ಇದೆ. ಎರಡನ್ನೂ ಕೂಡಿಸಿ ಓದಿದ ವಿದ್ವಾಂಸರು, ಅಲ್ಲಾಹನ ಅಪ್ಪಣೆಯಿಲ್ಲದೆ ರೋಗಕ್ಕೆ ಸ್ವಂತ ಶಕ್ತಿಯಿಲ್ಲ, ಆದರೆ ಕಾರಣಗಳನ್ನು ಇಟ್ಟವನೂ ಅವನೇ, ಆದ್ದರಿಂದ ಎಚ್ಚರ ವಹಿಸಬೇಕು ಎಂದು ವಿವರಿಸಿದ್ದಾರೆ.

ಹಿಜರಿ 18ರ ಸುಮಾರಿಗೆ ಸಿರಿಯಾ ಪ್ರದೇಶದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದ್ದಾಗ ಖಲೀಫ ಉಮರ್(ರ) ಸರ್ಗ್ ಎಂಬಲ್ಲಿಂದಲೇ ತಮ್ಮ ತಂಡವನ್ನು ಹಿಂದಕ್ಕೆ ಕರೆದೊಯ್ದರು. ಇದು ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂಉಬೈದ(ರ) ಕೇಳಿದಾಗ, ನಾವು ಹೋಗುತ್ತಿರುವುದೂ ಅಲ್ಲಾಹನ ವಿಧಿಯ ಕಡೆಗೇ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಅಬೂಉಬೈದ(ರ) ಆ ಪ್ಲೇಗಿನಲ್ಲೇ ತೀರಿಕೊಂಡರು. ನಂತರ ಅಧಿಕಾರ ವಹಿಸಿಕೊಂಡ ಅಮ್ರ್ ಬಿನ್ ಆಸ್(ರ) ಜನರನ್ನು ಗುಂಪಾಗಿ ಇರದೆ ಬೆಟ್ಟಗಳಿಗೆ ಚದುರಿ ಹೋಗುವಂತೆ ಹೇಳಿದರೆಂದೂ ರೋಗ ಇಳಿಯಿತೆಂದೂ ಇತಿಹಾಸಕಾರರು ಬರೆದಿದ್ದಾರೆ. 14ನೇ ಶತಮಾನದ ಪ್ಲೇಗಿನ ಕಾಲದಲ್ಲಿ ಗ್ರನಾಡದ ವಿದ್ವಾಂಸ ಇಬ್ನುಲ್ ಖತೀಬ್, ರೋಗಿಯ ಸಂಪರ್ಕ, ಬಟ್ಟೆ, ಪಾತ್ರೆಗಳಿಂದ ರೋಗ ಹರಡುವುದು ಕಣ್ಣಾರೆ ಕಂಡ ಸತ್ಯ ಎಂದು ಬರೆದರು.

ಲಸಿಕೆಯ ವಿಷಯವೂ ಇಷ್ಟೇ. ರೋಗದ ದಾರಿಯನ್ನು ಮುಚ್ಚಲಾಗದಿದ್ದಾಗ ನಮ್ಮ ಬಾಗಿಲನ್ನಾದರೂ ಭದ್ರಪಡಿಸುವ ಕೆಲಸ ಅದು. ದಡಾರದ ವೈರಸ್, ರೋಗಿ ಎದ್ದು ಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಅಂಥ ದಾರಿಗೆ ಬೇಲಿ ಹಾಕುವುದು ಹೇಗೆ? ರುಬೆಲ್ಲಾ ಗರ್ಭಿಣಿಗೆ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಬಂದ ವದಂತಿ ನಂಬಿ ಮಕ್ಕಳನ್ನು ಶಾಲೆಗೆ ಕಳಿಸದ ತಾಯಂದಿರಿದ್ದರು. ವದಂತಿಯೂ ಒಂದು ಅಂಟುರೋಗವೇ, ಅದರ ದಾರಿ ನಮ್ಮ ಬೆರಳು. ಒಂಬತ್ತು ತಿಂಗಳಿಗೊಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ ಈ ಲಸಿಕೆಯನ್ನು ತಪ್ಪದೆ ಹಾಕಿಸಿ.

ಮೂರು ಪ್ರಶ್ನೆಗಳು

ಸಹೋದರಿಯರೇ, ಇಷ್ಟೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಮೂರು ಪ್ರಶ್ನೆಗಳನ್ನು ಮಾತ್ರ ನೆನಪಿಡಿ. ಮನೆಯಲ್ಲಾಗಲಿ ತೋಟದಲ್ಲಾಗಲಿ ರೋಗ ಕಂಡಾಗ ಮೊದಲು ಕೇಳಬೇಕಾದದ್ದು ಯಾರಿಂದ ಬಂತು ಎಂದಲ್ಲ. ಇದು ಯಾವ ದಾರಿಯಲ್ಲಿ ಬರುತ್ತದೆ: ನೀರೇ, ಗಾಳಿಯೇ, ಕೈಯೇ, ಕೀಟವೇ, ಬೀಜ ಕಂದೇ? ಆ ದಾರಿಯನ್ನು ನಾನು ಎಲ್ಲಿ ತಡೆಯಬಹುದು? ನಾನು ಈಗ ಹಾಕುತ್ತಿರುವ ಬೇಲಿ ರೋಗವನ್ನು ತಡೆಯುತ್ತಿದೆಯೇ ಅಥವಾ ರೋಗಿಯನ್ನೇ? ಉತ್ತರ ಗೊತ್ತಿಲ್ಲದಿದ್ದರೆ ವೈದ್ಯರನ್ನು, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ತೋಟದ ಮಾತಾದರೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ.

ಕಾಯಿಲೆ ಬಿದ್ದವರಿಗೆ ಔಷಧಿಯಷ್ಟೇ ಬೇಕಾದದ್ದು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು. ದಾರಿ ತಿಳಿದವರು ಭಯವಿಲ್ಲದೆ ಕುಳಿತುಕೊಳ್ಳಬಲ್ಲರು. ಇವತ್ತು ನಿಮ್ಮ ಬೀದಿಯಲ್ಲಿ ಯಾರಾದರೂ ತಟ್ಟೆ ಬೇರೆ ಮಾಡಿಸಿಕೊಂಡು ಮೂಲೆಯಲ್ಲಿ ಮಲಗಿದ್ದರೆ, ಹೋಗಿ ಅವರ ಕೋಣೆಯ ಕಿಟಕಿ ತೆರೆಯಿರಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅರ್ಧ ಗಂಟೆ ಮಾತಾಡಿ, ಬರುವಾಗ ಕೈ ತೊಳೆದುಕೊಂಡು ಬನ್ನಿ.